ಹೆಸರು ಆಮೇಲೆ, ತೂಕ ಮೊದಲು: ಮಧ್ಯ ಏಷ್ಯಾದ ಪುರಾತನ ನಾಣ್ಯ ಗುರುತಿಸಲು ಯಶಸ್ಸಿನ ಸೂತ್ರಗಳು

ಬುಖಾರದ ಸುತ್ತಮುತ್ತ ಸಿಗುವ ಒಂದು ಬಗೆಯ ಬೆಳ್ಳಿ ನಾಣ್ಯದ ಮೇಲೆ ಯೂಥಿಡೆಮಸ್ ಎಂಬ ಗ್ರೀಕ್ ದೊರೆಯ ಮುಖವಿದೆ. ಹಿಂಬದಿಯಲ್ಲಿ ಗ್ರೀಕ್ ಅಕ್ಷರಗಳಲ್ಲಿ ಅವನ ಹೆಸರೂ ಇದೆ. ಆದರೆ ಅದನ್ನು ಹೊರಡಿಸಿದ್ದು ಅವನಲ್ಲ. ಅವನು ಸತ್ತು ತಲೆಮಾರುಗಳೇ ಕಳೆದ ಮೇಲೆ, ಗ್ರೀಕ್ ಓದಲು ಬಾರದ ಕೆಲಸಗಾರರು ಹಳೆಯ ನಾಣ್ಯವನ್ನು ಎದುರಿಗಿಟ್ಟುಕೊಂಡು ಕೊರೆದ ನಕಲು ಅದು. ವ್ಯಾಪಾರಿಗಳು ನಂಬಿದ್ದ ನಾಣ್ಯ ಯೂಥಿಡೆಮಸನದು. ಹೊಸ ಒಡೆಯರಿಗೆ ಬೇಕಿದ್ದದ್ದು ಆ ನಂಬಿಕೆ.

ಅಮು ದರಿಯಾ, ಸಿರ್ ದರಿಯಾ ನದಿಗಳ ನಡುವಿನ ಸೊಗ್ಡಿಯಾ, ಅದರ ದಕ್ಷಿಣಕ್ಕೆ ಬಾಕ್ಟ್ರಿಯಾ, ವಾಯವ್ಯಕ್ಕೆ ಖ್ವಾರೆಜ್ಮ್, ಪೂರ್ವದ ಮರುಭೂಮಿಯಂಚಿನಲ್ಲಿ ಖೋತಾನ್. ಈ ಇಡೀ ಪ್ರದೇಶದ ಸಾವಿರ ವರ್ಷಗಳ ನಾಣ್ಯಗಳಲ್ಲಿ ಇಂಥ ನಕಲು ಮತ್ತೆ ಮತ್ತೆ ಎದುರಾಗುತ್ತದೆ. ಹಾಗಾಗಿ ಇಲ್ಲಿ ಗುರುತಿಸುವ ಕೆಲಸ ಹೆಸರು ಓದುವುದರಿಂದ ಶುರುವಾಗಬಾರದು. ಲೋಹ, ತೂಕ, ತಯಾರಿಕೆ, ಲಾಂಛನ, ಚಿತ್ರ, ಆಮೇಲೆ ಬರಹ: ಈ ಕ್ರಮ ಹಿಡಿದವರಿಗೆ ನಾಣ್ಯ ಬೇಗ ಒಲಿಯುತ್ತದೆ.

1. ಭೂತಗನ್ನಡಿಗೂ ಮುನ್ನ ತಕ್ಕಡಿ ತೆಗೆಯಿರಿ

ಗ್ರಾಂನ ನೂರನೇ ಒಂದು ಭಾಗ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ, ಚಿನಿವಾರರು ಇಟ್ಟುಕೊಳ್ಳುವಂಥದ್ದು, ಸಾಕು. ಹಿಂದೂಕುಶ್ ಪರ್ವತದ ಉತ್ತರಕ್ಕೆ ಆಳಿದ ಗ್ರೀಕ್ ದೊರೆಗಳು ಅಥೆನ್ಸಿನ ತೂಕದ ಅಳತೆಯನ್ನೇ ಉಳಿಸಿಕೊಂಡರು: ಒಂದು ಡ್ರಾಕ್ಮ ಸುಮಾರು 4.2 ಗ್ರಾಂ, ನಾಲ್ಕು ಡ್ರಾಕ್ಮದ ದೊಡ್ಡ ಬೆಳ್ಳಿ ನಾಣ್ಯ 16ರಿಂದ 17 ಗ್ರಾಂ. ಪರ್ವತ ದಾಟಿ ದಕ್ಷಿಣಕ್ಕೆ ಬಂದವರು ಭಾರತದ ಅಳತೆಗೆ ಹೊಂದಿಕೊಂಡರು: ಡ್ರಾಕ್ಮ 2.45 ಗ್ರಾಂ ಆಸುಪಾಸು, ನಾಲ್ಕರದು 9.8. ಅಂದರೆ ಅಕ್ಷರ ಒಂದೂ ಓದದೆ, ನಾಣ್ಯ ಪರ್ವತದ ಯಾವ ಮಗ್ಗುಲಿನ ಪೇಟೆಗೆ ಹುಟ್ಟಿದ್ದು ಎಂದು ತಕ್ಕಡಿಯೇ ಹೇಳಿಬಿಡುತ್ತದೆ.

ಕುಷಾಣರ ಚಿನ್ನದ ದಿನಾರ ಸುಮಾರು 8 ಗ್ರಾಂ. ವಿಜಯನಗರದ ವರಹ 3.4 ಗ್ರಾಂ ಎಂದು ನೆನಪಿರುವ ನಮ್ಮ ಸಂಗ್ರಾಹಕರಿಗೆ ಕನಿಷ್ಕನ ದಿನಾರ ಅಂಗೈಯಲ್ಲಿ ಕೂತಾಗ ವ್ಯತ್ಯಾಸ ತಟ್ಟನೆ ತಿಳಿಯುತ್ತದೆ. ಯೂಕ್ರಟೈಡಿಸ್ ಎಂಬ ಬಾಕ್ಟ್ರಿಯಾದ ದೊರೆ ಹೊರಡಿಸಿದ ಇಪ್ಪತ್ತು ಸ್ಟೇಟರ್ (ಗ್ರೀಕರ ಚಿನ್ನದ ನಾಣ್ಯ) ಬೆಲೆಯ ಚಿನ್ನದ ನಾಣ್ಯವಂತೂ 169.2 ಗ್ರಾಂ ತೂಗುತ್ತದೆ, ಅಡ್ಡಳತೆ 58 ಮಿಲಿಮೀಟರ್. ಪ್ರಾಚೀನ ಜಗತ್ತಿನಿಂದ ಉಳಿದ ಅತಿ ದೊಡ್ಡ ಚಿನ್ನದ ನಾಣ್ಯ ಎಂದು ಹೆಸರಾದ ಅದು ಈಗ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ.

2. ತೂಕದ ಜೊತೆ ಅಗಲವನ್ನೂ ಬರೆಯಿರಿ

ಗ್ರೀಕ್ ಡ್ರಾಕ್ಮವೂ ಸಸಾನಿಯನ್ ಡ್ರಾಕ್ಮವೂ ಹೆಚ್ಚುಕಡಿಮೆ ಒಂದೇ ತೂಕ, 4 ಗ್ರಾಂ ಚಿಲ್ಲರೆ. ಆದರೆ ಮೊದಲನೆಯದು ಚಿಕ್ಕದು, ದಪ್ಪ. ಎರಡನೆಯದು ಅಗಲ, ತೆಳು. ಒತ್ತಿ ಹಿಡಿದರೆ ಬಾಗೀತು ಎಂದು ಭಯವಾಗುವಷ್ಟು ತೆಳು. ತೆಳ್ಳಗೆ ಅಗಲವಾದ ಬೆಳ್ಳಿ ಕಂಡರೆ ಕ್ರಿ.ಶ. 3ನೇ ಶತಮಾನದಿಂದ ಈಚೆಗೆ ಬನ್ನಿ: ಇರಾನಿನ ಸಸಾನಿಯನ್ನರು, ಇಲ್ಲವೇ ಅವರನ್ನು ಅನುಕರಿಸಿದ ಹೂಣರು, ಬುಖಾರದ ಒಡೆಯರು.

ಬಟ್ಟಲಿನಂತೆ ಒಳಬಾಗಿದ ಚಿನ್ನದ ನಾಣ್ಯ ಸಿಕ್ಕರೆ ಹುಡುಕಾಟ ಇನ್ನೂ ಕಿರಿದಾಗುತ್ತದೆ. ಕುಷಾಣರ ನೆಲವನ್ನು ಗೆದ್ದ ಸಸಾನಿಯನ್ ಅಧಿಪತಿಗಳು, ಅಂದರೆ ಕುಷಾಣ-ಸಸಾನಿಯನ್ನರು, ಕುಷಾಣ ದೊರೆ ವಾಸುದೇವನ ದಿನಾರವನ್ನು ಅನುಸರಿಸಿ ಹೊರಡಿಸಿದವು ಅವು.

3. ಅಚ್ಚೊತ್ತಿದ್ದೋ, ಎರಕ ಹೊಯ್ದದ್ದೋ ಕೇಳಿ

ನಡುವೆ ಚೌಕ ತೂತಿರುವ ಕಂಚಿನ ನಾಣ್ಯ ನೋಡಿದೊಡನೆ ಚೀನಾದ್ದು ಎಂದುಬಿಡುತ್ತಾರೆ. ಅವಸರ ಬೇಡ. ತಾಂಗ್ ಅರಸರು 621ರಲ್ಲಿ ಕೈಯುವಾನ್ ತೊಂಗ್‌ಬಾವ್ ಎಂಬ ಎರಕದ ನಾಣ್ಯ ತಂದರು. ಅದೇ ಶತಮಾನದಲ್ಲಿ ಸಮರ್ಕಂದದ ಅರಸರು ಅದೇ ಆಕಾರದಲ್ಲಿ ತಮ್ಮ ನಾಣ್ಯ ಎರೆಯತೊಡಗಿದರು. ತೂತು ಚೀನಾದ್ದು, ಬರಹ ಸೊಗ್ಡಿಯನ್, ಹಿಂಬದಿಯ ಲಾಂಛನ ಅವರದ್ದೇ. ಅಲ್ಲಿನ ಆಫ್ರಾಸಿಯಾಬ್ ದಿಬ್ಬದಲ್ಲಿ ದೊರೆತ ಭಿತ್ತಿಚಿತ್ರಗಳಿಂದ ಪ್ರಸಿದ್ಧನಾದ ವರ್ಖುಮಾನ್ ಎಂಬ ಅರಸನ ಹೆಸರು ಇಂಥ ನಾಣ್ಯಗಳ ಮೇಲಿದೆ. 8ನೇ ಶತಮಾನದಲ್ಲಿ ಇನ್ನೂ ಉತ್ತರಕ್ಕೆ, ಈಗಿನ ಕಿರ್ಗಿಸ್ತಾನ ಮತ್ತು ದಕ್ಷಿಣ ಕಜಾಕಿಸ್ತಾನದ ಸೀಮೆಯಲ್ಲಿ, ತುರ್ಗೆಶ್ ಖಗಾನರೂ ಇದೇ ಮಾದರಿ ಹಿಡಿದರು. ಒಡೆಯ ತುರ್ಕ, ಬರಹ ಸೊಗ್ಡಿಯನ್, ಆಕಾರ ಚೀನೀ, ಹಿಂಬದಿಯಲ್ಲಿ ಬಿಲ್ಲಿನಂಥ ಗುರುತು. ಇಷ್ಟು ಜನ ಒಂದೇ ಕಂಚಿನ ಬಿಲ್ಲೆಯಲ್ಲಿ ಸೇರಿಕೊಂಡಿರುವುದನ್ನು ನೋಡುವ ಸುಖಕ್ಕಾಗಿಯೇ ಈ ನಾಣ್ಯಗಳನ್ನು ಕಲಿಯಬಹುದು.

ಇದಕ್ಕೆ ತದ್ವಿರುದ್ಧ ಖೋತಾನಿನದು. ಅಲ್ಲಿನ ಆರಂಭದ ತಾಮ್ರದ ನಾಣ್ಯಗಳ ಒಂದು ಬದಿ ಚೀನೀ ಅಕ್ಷರಗಳಲ್ಲಿ ತೂಕ ಬರೆದಿದೆ, 24 ಝೂ ಅಥವಾ 6 ಝೂ ಎಂದು. ಆದರೂ ತೂತಿಲ್ಲ, ಎರಕವೂ ಅಲ್ಲ, ಅಚ್ಚೊತ್ತಿದ್ದು. ಇನ್ನೊಂದು ಬದಿಯಲ್ಲಿ ಕುದುರೆ ಅಥವಾ ಒಂಟೆ, ಸುತ್ತಲೂ ಖರೋಷ್ಠಿಯಲ್ಲಿ ಮಹಾರಾಜನ ಹೆಸರು. ಪಶ್ಚಿಮದವರು ಚೀನಾದ ತಯಾರಿಕೆ ಎರವಲು ಪಡೆದರೆ, ಚೀನಾದ ಬಾಗಿಲಲ್ಲೇ ಇದ್ದವರು ಪಶ್ಚಿಮದ ತಯಾರಿಕೆ ಹಿಡಿದಿದ್ದರು.

4. ತಮ್ಗಾವನ್ನು ಪೆನ್ಸಿಲಿನಲ್ಲಿ ಬಿಡಿಸಿ

ಬಯಲು ಸೀಮೆಯ ಕುದುರೆ ಸವಾರರು ಕುಲದ ಗುರುತಾಗಿ ಬಳಸುತ್ತಿದ್ದ ಲಾಂಛನವೇ ತಮ್ಗಾ. ನಾಣ್ಯದಲ್ಲಿ ಅಕ್ಷರ ಸವೆದುಹೋಗಿದ್ದರೂ ಇದು ಉಳಿದಿರುವುದು ಹೆಚ್ಚು. ಹೆಸರಿಲ್ಲದೆ ‘ಮಹಾರಕ್ಷಕ’ ಎಂಬ ಬಿರುದು ಮಾತ್ರ ಹಾಕಿಸಿದ ಕುಷಾಣ ದೊರೆಯ ತಾಮ್ರದ ನಾಣ್ಯದಲ್ಲಿ ತಮ್ಗಾಕ್ಕೆ ಮೇಲೆ ಮೂರು ಕವಲು. ಕನಿಷ್ಕನದಕ್ಕೆ ನಾಲ್ಕು. ಮೂರೋ ನಾಲ್ಕೋ ಎಂದು ಎಣಿಸುವ ಸಹನೆ ಇದ್ದರೆ ಸವೆದ ತಾಮ್ರವೂ ಮಾತಾಡುತ್ತದೆ. ಸಮರ್ಕಂದ, ಬುಖಾರ, ಖ್ವಾರೆಜ್ಮ್, ತಾಷ್ಕೆಂಟಿನ ಹಳೆಯ ನಾಡಾದ ಚಾಚ್, ಅಲ್ಖಾನ್ ಹೂಣರು: ಎಲ್ಲರಿಗೂ ಅವರವರದೇ ತಮ್ಗಾಗಳಿವೆ. ಬಿಡಿಸುತ್ತಾ ಹೋದರೆ ಕೈ ನೆನಪಿಡುತ್ತದೆ. ಫೋಟೊ ತೆಗೆದಿಟ್ಟರೆ ಅಷ್ಟು ನೆನಪಿರುವುದಿಲ್ಲ.

5. ಹಿಂಬದಿಯ ದೇವರಿಂದ ದೊರೆಯನ್ನು ಹಿಡಿಯಿರಿ

ಇದು ಈ ವಿದ್ಯೆಯ ಅತಿ ಶ್ರೀಮಂತ ಭಾಗ. ಇಲ್ಲಿ ಸಮಯ ಕಳೆಯಿರಿ.

ಬಾಕ್ಟ್ರಿಯಾದ ಗ್ರೀಕ್ ದೊರೆಗಳಲ್ಲಿ ಪ್ರತಿಯೊಬ್ಬನಿಗೂ ಮೆಚ್ಚಿನ ದೇವತೆ ಇರುತ್ತಿತ್ತು. ಸಿಡಿಲು ಬೀಸುತ್ತಿರುವ ಜ್ಯೂಸ್ ಇದ್ದರೆ ಡಿಯೊಡೋಟಸ್. ಬಂಡೆಯ ಮೇಲೆ ಗದೆಯೂರಿ ಕುಳಿತ ಹೆರಾಕ್ಲಿಸ್ ಇದ್ದರೆ ಯೂಥಿಡೆಮಸ್. ಅದೇ ಹೆರಾಕ್ಲಿಸ್ ಎದ್ದು ನಿಂತು ತನ್ನ ತಲೆಗೆ ತಾನೇ ಮಾಲೆ ಮುಡಿಯುತ್ತಿದ್ದರೆ ಯೂಥಿಡೆಮಸನ ಮಗ ಡಿಮಿಟ್ರಿಯಸ್. ಸಮುದ್ರವೇ ಇಲ್ಲದ ನಾಡಿನಲ್ಲಿ ಕಡಲ ದೇವರು ಪೊಸೈಡನ್ ಕಂಡರೆ ಆಂಟಿಮಾಕಸ್. ಈಟಿ ಹಿಡಿದು ಕುದುರೆ ಓಡಿಸುವ ಅವಳಿಗಳು ಕಂಡರೆ ಯೂಕ್ರಟೈಡಿಸ್.

ಇದೇ ಸಾಲಿನ ದೊರೆ ಅಗಥೋಕ್ಲಿಸನ ಬಳಿ ನಮ್ಮವರಿಗೆ ಒಂದು ಅಚ್ಚರಿ ಕಾದಿದೆ. ಅಫ್ಘಾನಿಸ್ತಾನದ ಐ ಖಾನೂಮ್‌ನಲ್ಲಿ 1970ರಲ್ಲಿ ಫ್ರೆಂಚ್ ಉತ್ಖನನಕಾರರಿಗೆ ಅವನ ಆರು ಬೆಳ್ಳಿ ನಾಣ್ಯಗಳು ಸಿಕ್ಕವು. ಆಕಾರ ಚೌಕ, ತೂಕ ಭಾರತೀಯ. ಒಂದು ಬದಿಯಲ್ಲಿ ನೇಗಿಲು ಹಿಡಿದ ಸಂಕರ್ಷಣ, ಇನ್ನೊಂದರಲ್ಲಿ ಶಂಖ ಚಕ್ರ ಹಿಡಿದ ವಾಸುದೇವ. ಒಂದು ಕಡೆ ಗ್ರೀಕ್ ಬರಹ, ಮತ್ತೊಂದು ಕಡೆ ಬ್ರಾಹ್ಮಿ. ಬಲರಾಮ ಕೃಷ್ಣರ ಅತಿ ಪ್ರಾಚೀನ ಚಿತ್ರಗಳ ಸಾಲಿನಲ್ಲಿ ಇವು ಬರುತ್ತವೆ, ಕ್ರಿ.ಪೂ. 2ನೇ ಶತಮಾನದ ಒಬ್ಬ ಗ್ರೀಕ್ ದೊರೆಯ ಟಂಕಸಾಲೆಯಿಂದ, ಅಮು ದರಿಯಾದ ದಂಡೆಯಲ್ಲಿ ಸಿಕ್ಕವು.

ಕನಿಷ್ಕ ಪಟ್ಟಕ್ಕೆ ಬಂದದ್ದು ಕ್ರಿ.ಶ. 127ರ ಸುಮಾರಿಗೆ ಎಂಬುದು ಇಂದು ಹೆಚ್ಚು ವಿದ್ವಾಂಸರು ಒಪ್ಪಿದ ಲೆಕ್ಕ. ಅವನ ಮತ್ತು ಅವನ ವಂಶದ ಹುವಿಷ್ಕನ ನಾಣ್ಯಗಳಲ್ಲಿ ದೇವತೆಗಳ ಒಂದು ಸಭೆಯೇ ನೆರೆದಿದೆ: ಸೂರ್ಯ ಮಿಯಿರೊ, ಚಂದ್ರ ಮಾವೊ, ಬಟ್ಟೆ ಹಾರಿಸಿಕೊಂಡು ಓಡುವ ವಾಯು ಒಆದೊ, ಅಗ್ನಿ ಅಥ್ಶೊ, ಸಿರಿಕೊಂಬು ಹಿಡಿದ ಅರ್ದೊಖ್ಶೊ, ನನಾ ದೇವಿ. ಪಕ್ಕದಲ್ಲೇ ಹೆಸರು ಬರೆದಿರುವುದರಿಂದ ಊಹೆಯ ಅಗತ್ಯವಿಲ್ಲ. ಜಲಾಲಾಬಾದಿನ ಬಳಿಯ ಅಹಿನ್ ಪೋಶ್ ಸ್ತೂಪದಲ್ಲಿ ಸಿಕ್ಕ, ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಚಿನ್ನದ ನಾಣ್ಯದಲ್ಲಿ ಬುದ್ಧ ನಿಂತಿದ್ದಾನೆ. ಪಕ್ಕದಲ್ಲಿ ಬೊದ್ದೊ ಎಂದಿದೆ.

ಒಂದು ಎಚ್ಚರಿಕೆ. ತ್ರಿಶೂಲ ಹಿಡಿದು, ಹಿಂದೆ ನಂದಿಯನ್ನು ನಿಲ್ಲಿಸಿಕೊಂಡ ದೇವರನ್ನು ಕಂಡ ಕೂಡಲೇ ನಮ್ಮ ಬಾಯಲ್ಲಿ ಶಿವನ ಹೆಸರು ಬರುತ್ತದೆ. ನಾಣ್ಯದ ಮೇಲೆ ಬರೆದಿರುವುದು ಒಏಶೊ ಎಂದು. ಆ ದೇವರು ಶಿವನೇ, ಶಿವನ ರೂಪ ತೊಟ್ಟ ಇರಾನೀ ವಾಯುದೇವನೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಮುಗಿದಿಲ್ಲ. ನಿಮ್ಮ ಚೀಟಿಯಲ್ಲಿ ಕಂಡದ್ದನ್ನು ಬರೆಯಿರಿ: ‘ಒಏಶೊ, ನಂದಿಯೊಡನೆ’. ನಮ್ಮ ಭಕ್ತಿಗೆ ಅದರಿಂದ ಏನೂ ಕಡಿಮೆಯಾಗುವುದಿಲ್ಲ.

6. ಶಿರಸ್ತ್ರಾಣ, ಕಿರೀಟ, ತಲೆಬುರುಡೆ ನೋಡಿ

ಆನೆಯ ಸೊಂಡಿಲು ದಂತಗಳಿರುವ ಶಿರಸ್ತ್ರಾಣ ಡಿಮಿಟ್ರಿಯಸನದು. ಗೂಳಿಯ ಕೊಂಬು ಕಿವಿ ಅಂಟಿಸಿದ ಯುದ್ಧದ ಟೋಪಿ ಯೂಕ್ರಟೈಡಿಸನದು. ಚಪ್ಪಟೆ ಮೆಸಿಡೋನಿಯನ್ ಟೋಪಿ, ತುಟಿಯಂಚಿನಲ್ಲಿ ಕಿರುನಗೆ ಇದ್ದರೆ ಆಂಟಿಮಾಕಸ್. ಇಡೀ ಪ್ರಾಚೀನ ಜಗತ್ತಿನಲ್ಲಿ ಇದಕ್ಕಿಂತ ಜೀವಂತ ಮುಖಚಿತ್ರ ನಾಣ್ಯದ ಮೇಲೆ ಬಂದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಉದ್ದ ನಿಲುವಂಗಿ, ದಪ್ಪ ಬೂಟು ತೊಟ್ಟು ಚಿಕ್ಕ ವೇದಿಕೆಗೆ ಆಹುತಿ ಹಾಕುತ್ತಿರುವವನು ಕನಿಷ್ಕ. ಅದೇ ಭಂಗಿ, ಮೈಮೇಲೆ ಕವಚ, ಕೈಯಲ್ಲಿ ತ್ರಿಶೂಲವಿದ್ದರೆ ಕುಷಾಣ ದೊರೆ ವಾಸುದೇವ. ತಾಮ್ರದಲ್ಲಿ ಆನೆ ಏರಿದವನು ಹುವಿಷ್ಕ.

ಹೂಣರಲ್ಲಿ ಅಲ್ಖಾನರ ತಲೆ ಹಿಂದಕ್ಕೆ ಉದ್ದವಾಗಿ ಎಳೆದಂತಿರುತ್ತದೆ. ಅದು ಕಲಾವಿದನ ಕೈತಪ್ಪಲ್ಲ, ಮಗುವಾಗಿದ್ದಾಗಲೇ ಕಟ್ಟಿ ತಲೆಯ ಆಕಾರ ಬದಲಿಸುವ ಪದ್ಧತಿ. ನಮ್ಮ ಇತಿಹಾಸದ ಪಾಠದಲ್ಲಿ ಬರುವ ತೋರಮಾಣ, ಮಿಹಿರಕುಲ ಈ ಗುಂಪಿನವರೇ. ಕಿರೀಟದ ಮೇಲೆ ಎಮ್ಮೆಯ ತಲೆ ಇದ್ದರೆ ಕಾಬೂಲ್ ಕಡೆಯ ನೆಜಕ್ ಅರಸರು.

7. ಹೆಸರು ಓದಿದ ಮೇಲೂ ನಂಬಬೇಡಿ

ಈ ಬರಹದಲ್ಲಿ ಒಂದೇ ಸೂತ್ರ ನೆನಪಿಟ್ಟುಕೊಳ್ಳುವಿರಾದರೆ ಇದನ್ನೇ ಇಟ್ಟುಕೊಳ್ಳಿ. ಕಾಬೂಲ್ ಕಣಿವೆಯ ಕೊನೆಯ ಗ್ರೀಕ್ ದೊರೆ ಹರ್ಮೇಯಸ್. ಅವನ ಹೆಸರಿನ ನಾಣ್ಯಗಳು ಅವನ ಸಾವಿನಾಚೆಗೂ ಬಹುಕಾಲ ಹೊರಬಿದ್ದವು, ಬೆಳ್ಳಿ ಕಡಿಮೆಯಾಗುತ್ತಾ, ಅಕ್ಷರ ಕೆಡುತ್ತಾ. ಕೊನೆಗೆ ಕುಷಾಣರ ಕುಜುಲ ಕಡ್ಫೈಸಿಸ್ ಒಂದು ಬದಿ ಹರ್ಮೇಯಸನ ಮುಖ ಉಳಿಸಿಕೊಂಡು, ಇನ್ನೊಂದು ಬದಿ ಖರೋಷ್ಠಿಯಲ್ಲಿ ತನ್ನ ಹೆಸರು ಬರೆಸಿದ. ಬುಖಾರದವರು ಇರಾನಿನ ಐದನೇ ಬಹ್ರಾಮನ ಡ್ರಾಕ್ಮವನ್ನು, ಅದರಲ್ಲೂ ಮೆರ್ವ್ ಟಂಕಸಾಲೆಯದನ್ನು, ಮಾದರಿಯಾಗಿ ಹಿಡಿದರು. ಬಹ್ರಾಮ ಆಳಿದ್ದು 420ರಿಂದ 438ರವರೆಗೆ. ಆ ಮಾದರಿ ಅರಬರು ಬಂದ ಮೇಲೂ ನಿಲ್ಲಲಿಲ್ಲ. ಅಬ್ಬಾಸಿ ಖಲೀಫ ಅಲ್-ಮಹ್ದಿಯ ಹೆಸರು ಅದೇ ಸಸಾನಿಯನ್ ಕಿರೀಟದ ಮುಂದೆ ಅರಬಿಯಲ್ಲಿ ಬಂದು ಕೂತಿತು. ಮುನ್ನೂರು ವರ್ಷ ಒಂದೇ ಮುಖ! ಹೂಣರ ಇನ್ನೊಂದು ಗುಂಪಾದ ಹೆಫ್ತಲೈಟರು ತಾವು ಸೆರೆಹಿಡಿದು ಒತ್ತೆಹಣ ಪಡೆದಿದ್ದ, 484ರಲ್ಲಿ ಯುದ್ಧದಲ್ಲಿ ಕೊಂದ ಇರಾನಿನ ದೊರೆ ಪೇರೋಜ್‌ನ ಡ್ರಾಕ್ಮವನ್ನೇ ನಕಲು ಮಾಡಿದರು.

ನಕಲನ್ನು ಹಿಡಿಯುವುದು ಹೇಗೆ? ಅಕ್ಷರ ಗೀಟಾಗುತ್ತದೆ, ಗೀಟು ಚುಕ್ಕಿಯಾಗುತ್ತದೆ. ಮೂಗು ಗಲ್ಲ ಅತಿಯಾಗುತ್ತವೆ. ಹೆರಾಕ್ಲಿಸನ ಗದೆ ಎಲ್ಲಿ ಊರಿದೆ ಎಂಬುದು ಕೊರೆಯುವವನಿಗೇ ಗೊತ್ತಿಲ್ಲದಂತಾಗುತ್ತದೆ. ಮೂಲ ನಾಣ್ಯದ ಚಿತ್ರವನ್ನು ಪಕ್ಕದಲ್ಲಿಟ್ಟು ಒಂದೊಂದೇ ಅಂಗ ಹೋಲಿಸಿ. ಜೊತೆಗೆ ಮೂಲದಲ್ಲಿ ಇಲ್ಲದ ಹೊಸ ಅಕ್ಷರ, ಹೊಸ ತಮ್ಗಾ ಮೂಲೆಯಲ್ಲಿ ಎಲ್ಲಾದರೂ ಅಡಗಿದೆಯೇ ಹುಡುಕಿ. ನಿಜವಾದ ಒಡೆಯ ಸಾಮಾನ್ಯವಾಗಿ ಅಲ್ಲಿಯೇ ಇರುತ್ತಾನೆ.

ಹೆಸರೇ ಇಲ್ಲದ ನಾಣ್ಯಗಳ ಸಂಗತಿಯೂ ಇದೆ. ಮೇಲೆ ಹೇಳಿದ ‘ಮಹಾರಕ್ಷಕ’ ಯಾರೆಂಬುದು ಬಹುಕಾಲ ಒಗಟಾಗಿತ್ತು. 1993ರಲ್ಲಿ ಅಫ್ಘಾನಿಸ್ತಾನದ ರಬಾತಕ್‌ನಲ್ಲಿ ಸಿಕ್ಕ ಶಾಸನ ಕನಿಷ್ಕನ ವಂಶಾವಳಿ ಕೊಟ್ಟಿತು. ಅಲ್ಲಿ ವಿಮ ತಕ್ತು ಎಂಬ ಅಜ್ಜ ಕಾಣಿಸಿಕೊಂಡ. ಈಗ ಆ ನಾಣ್ಯಗಳನ್ನು ಹೆಚ್ಚಿನವರು ಅವನಿಗೆ ಸೇರಿಸುತ್ತಾರೆ. ನಾಣ್ಯಕ್ಕೆ ಶಾಸನ ಸಾಕ್ಷಿ ಹೇಳುವುದು ಕನ್ನಡಿಗರಿಗೆ ಹೊಸದಲ್ಲ.

8. ಲಿಪಿಯನ್ನು ಪೂರ್ತಿ ಕಲಿಯಬೇಕಿಲ್ಲ, ಗುರುತು ಹಿಡಿದರೆ ಸಾಕು

ಗ್ರೀಕ್ ಅಕ್ಷರಮಾಲೆ ವಾರದ ಕೆಲಸ; ಅದನ್ನು ಕಲಿತುಬಿಡಿ. ಕನಿಷ್ಕ ಆಳ್ವಿಕೆಯ ಆರಂಭದಲ್ಲಿ ಗ್ರೀಕ್ ಭಾಷೆ ಬಳಸಿ, ಬೇಗನೇ ಅದೇ ಲಿಪಿಯಲ್ಲಿ ಬಾಕ್ಟ್ರಿಯನ್ ಭಾಷೆಗೆ ಹೊರಳಿದ. ಗ್ರೀಕರಲ್ಲಿ ‘ಶ’ ಉಚ್ಚಾರಕ್ಕೆ ಅಕ್ಷರವಿರಲಿಲ್ಲ. ಅದಕ್ಕಾಗಿ ಉದ್ದ ಕಡ್ಡಿಯ ನಡುವೆ ಬಲಕ್ಕೆ ಹೊಟ್ಟೆ ಬಂದಂಥ ಅಕ್ಷರವೊಂದು ಸೇರಿಕೊಂಡಿತು. ಆ ಅಕ್ಷರ ಕಂಡರೆ ಭಾಷೆ ಬಾಕ್ಟ್ರಿಯನ್. ಶಾಓನಾನೊ ಶಾಓ ಕನೇಶ್ಕಿ ಕೊಶಾನೊ ಎಂಬ ಸಾಲನ್ನು ಒಮ್ಮೆ ಅಕ್ಷರ ಅಕ್ಷರವಾಗಿ ಬರೆದು ನೋಡಿದರೆ ಅರ್ಧ ಕುಷಾಣ ನಾಣ್ಯಗಳು ಓದಲು ಬಂದಂತೆಯೇ.

ಖರೋಷ್ಠಿ ಬಲದಿಂದ ಎಡಕ್ಕೆ ಓಡುತ್ತದೆ. ಅದರಲ್ಲಿ ‘ಮಹರಜಸ’ ಎಂಬ ಒಂದು ಪದವನ್ನು ಕಣ್ಣಿಗೆ ಕಟ್ಟಿಕೊಳ್ಳಿ. ಎಲ್ಲಿಂದ ಓದಬೇಕೆಂದು ಅದೇ ಕೈ ಹಿಡಿದು ತೋರಿಸುತ್ತದೆ. ಒಂದೆಡೆ ಗ್ರೀಕ್, ಇನ್ನೊಂದೆಡೆ ಖರೋಷ್ಠಿ ಇದ್ದ ಇಂಥ ನಾಣ್ಯಗಳೇ 1830ರ ದಶಕದಲ್ಲಿ ಜೇಮ್ಸ್ ಪ್ರಿನ್ಸೆಪ್‌ಗೆ ಆ ಲಿಪಿಯ ಬೀಗ ತೆರೆದವು. ಸೊಗ್ಡಿಯನ್, ಪಹ್ಲವಿ ಬಳುಕು ಅಕ್ಷರಗಳು ಕಷ್ಟ. ಅವನ್ನು ತಿಳಿದವರಿಗೆ ತೋರಿಸಿ.

9. ಬೆಳಕನ್ನು ಓರೆಯಾಗಿ ಬಿಡಿ

ನೇರ ಬೆಳಕು ಸವೆದ ಅಕ್ಷರವನ್ನು ನುಂಗಿಬಿಡುತ್ತದೆ. ಟಾರ್ಚನ್ನು ಮೇಜಿನ ಮಟ್ಟದಲ್ಲಿ ಹಿಡಿದು ನಾಣ್ಯವನ್ನು ನಿಧಾನ ತಿರುಗಿಸಿ.

10. ತೊಳೆಯಬೇಡಿ

ಪೂಜೆಯ ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಚ್ಚುವ ಕೈ ಹಳೆಯ ನಾಣ್ಯವನ್ನು ಮುಟ್ಟದಿರಲಿ. ಆ ಹಸಿರು ಕಂದು ಪದರದೊಳಗೇ ಅಕ್ಷರದ ಅಂಚು ಉಳಿದಿರುತ್ತದೆ.

11. ಖೋಟಾ ಎಂಬ ಅನುಮಾನ ಸದಾ ಇರಲಿ

ಅಂಚಿನ ಸುತ್ತ ಸಣ್ಣ ಬೆಸುಗೆ ಗೆರೆ, ಮೈಮೇಲೆ ಗುಳ್ಳೆಯ ಗುಂಡಿಗಳು, ಸೋಪಿನಂತೆ ನುಣುಪಾದ ಚಿತ್ರ: ಅಚ್ಚೊತ್ತಬೇಕಿದ್ದ ನಾಣ್ಯದಲ್ಲಿ ಇವು ಎರಕದ ಸಾಕ್ಷಿ. ಎರಡು ನಾಣ್ಯಗಳಲ್ಲಿ ಒಂದೇ ಗೀರು, ಒಂದೇ ಜಾಗದಲ್ಲಿ ಮುಕ್ಕು ಇದ್ದರೆ ಒಂದಾದರೂ ಸುಳ್ಳು, ಎರಡೂ ಸುಳ್ಳಾಗಿರಬಹುದು. ತೂಕ ಸೂತ್ರ ಒಂದಕ್ಕೆ ಹೊಂದದಿದ್ದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿ. ಬೆಂಗಳೂರಿನ ನಾಣ್ಯ ಮೇಳದಲ್ಲಿ ಕನಿಷ್ಕನ ಚಿನ್ನ ಅಗ್ಗಕ್ಕೆ ಸಿಕ್ಕರೆ ಹಿಗ್ಗಬೇಡಿ.

12. ಸಿಕ್ಕ ಜಾಗ ಬೇರೆ, ಹುಟ್ಟಿದ ಜಾಗ ಬೇರೆ

ಉತ್ತರ ಅಫ್ಘಾನಿಸ್ತಾನದ ತಿಲ್ಯಾ ತೆಪೆಯ ಗೋರಿಗಳಲ್ಲಿ 1978ರಲ್ಲಿ ರೋಮಿನ ಟೈಬೀರಿಯಸ್ ಚಕ್ರವರ್ತಿಯ ಚಿನ್ನದ ನಾಣ್ಯ ಸಿಕ್ಕಿತು. ಕುಷಾಣರ ಚಿನ್ನ ಇಥಿಯೋಪಿಯಾದ ದೆಬ್ರ ದಾಮೊ ಮಠದ ಬಳಿ ಸಿಕ್ಕಿದೆ. ಚಿನ್ನ ಬೆಳ್ಳಿ ದೂರ ಹೋಗುತ್ತವೆ. ಚಿಲ್ಲರೆ ತಾಮ್ರ ಊರು ಬಿಡುವುದು ಕಡಿಮೆ. ಸ್ಥಳೀಯ ಇತಿಹಾಸ ಬೇಕಿದ್ದವರು ತಾಮ್ರವನ್ನು ಓದಬೇಕು. ತಜಿಕಿಸ್ತಾನದ ಪಂಜಿಕೆಂಟಿನ ಉತ್ಖನನದಲ್ಲಿ ರಾಶಿ ಸಿಕ್ಕ ಕಂಚಿನ ಕಾಸುಗಳಲ್ಲಿ ನನಾ ದೇವಿಯ ಹೆಸರು ಹೊತ್ತವು ಇವೆ. ಅಂಗಡಿ, ಮನೆ, ಬೀದಿಯಲ್ಲಿ ಬಿದ್ದದ್ದೆಲ್ಲ ದಾಖಲಾದದ್ದರಿಂದಲೇ ರಷ್ಯನ್ ವಿದುಷಿ ಸ್ಮಿರ್ನೋವಾ ಸೊಗ್ಡಿಯನ್ ಅರಸರ ಸಾಲನ್ನು ಜೋಡಿಸಲು ಸಾಧ್ಯವಾಯಿತು.

13. ಮೂಲ ಗೊತ್ತಿಲ್ಲದ ನಾಣ್ಯ ಕೊಳ್ಳಬೇಡಿ

ಇದನ್ನು ಗಟ್ಟಿಯಾಗಿಯೇ ಹೇಳಬೇಕು. 1990ರ ದಶಕದ ಅಂತರ್ಯುದ್ಧದಲ್ಲಿ ಕಾಬೂಲ್ ಮ್ಯೂಸಿಯಮ್ಮಿನ ನಾಣ್ಯ ಸಂಗ್ರಹದ ಬಹುಪಾಲು ಲೂಟಿಯಾಯಿತು. ಅದೇ ಕಾಲದಲ್ಲಿ ಅಫ್ಘಾನಿಸ್ತಾನದ ಮೀರ್ ಜಕಾಹ್‌ನಲ್ಲಿ ಸಿಕ್ಕ ಅಗಾಧ ನಿಧಿ ಪಟ್ಟಿಯೂ ಆಗದೆ ಪೇಟೆಗಳಿಗೆ ಚದುರಿಹೋಯಿತು. ಯಾವ ನಾಣ್ಯದ ಜೊತೆ ಯಾವುದು ಇತ್ತು ಎಂಬ ಮಾಹಿತಿ ಹೋಯಿತೆಂದರೆ ಅದನ್ನು ಯಾವ ಪಂಡಿತನೂ ಮರಳಿ ಕಟ್ಟಿಕೊಡಲಾರ. ಕಾಗದಪತ್ರವಿಲ್ಲದ ನಾಣ್ಯಕ್ಕೆ ನಾವು ಕೊಡುವ ದುಡ್ಡು ಮುಂದಿನ ಗುಂಡಿ ತೋಡುವವನ ಕೂಲಿ. ನಮ್ಮ ದೇಶದಲ್ಲಿ 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು. ಅದನ್ನು ಹೊರದೇಶಕ್ಕೆ ಒಯ್ಯುವಂತಿಲ್ಲ. ನೆಲದಲ್ಲಿ ನಿಧಿ ಸಿಕ್ಕರೆ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಕಲಿಯಲು ಕೊಳ್ಳಲೇಬೇಕೆಂದಿಲ್ಲ. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ ನಾಣ್ಯ ವಿಭಾಗಕ್ಕೆ ಹೋಗಿ. ಬ್ರಿಟಿಷ್ ಮ್ಯೂಸಿಯಂ, ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹಗಳ ಚಿತ್ರ, ತೂಕ, ವಿವರ ಮನೆಯಲ್ಲೇ ಕುಳಿತು ನೋಡಲು ಸಿಗುತ್ತವೆ.

14. ಚೀಟಿಯಲ್ಲಿ ಗೊತ್ತಿದ್ದಷ್ಟೇ ಬರೆಯಿರಿ

‘ಬುಖಾರದ ಬೆಳ್ಳಿ’ ಎಂದು ಬರೆದು ಮುಚ್ಚಿಡಬೇಡಿ. ಹೀಗೆ ಬರೆಯಿರಿ: ಬೆಳ್ಳಿ, ತೂಕ ಇಷ್ಟು, ಅಡ್ಡಳತೆ ಇಷ್ಟು. ಅಚ್ಚೊತ್ತಿದ್ದು. ಮುಂಬದಿ ಬಲಕ್ಕೆ ನೋಡುವ ಮುಖ, ಐದನೇ ಬಹ್ರಾಮನ ಕಿರೀಟದ ಅನುಕರಣೆ, ಮುಂದೆ ಸೊಗ್ಡಿಯನ್ ಬರಹ, ಅರ್ಧ ಮಾತ್ರ ಸ್ಪಷ್ಟ. ಹಿಂಬದಿ ಅಗ್ನಿವೇದಿಕೆ, ಇಬ್ಬರು ಪರಿಚಾರಕರು. ಅರಬಿ ಅಕ್ಷರ ಕಾಣಿಸಿಲ್ಲ. ಕೊಂಡದ್ದು ಎಲ್ಲಿ, ಯಾರಿಂದ, ರಸೀದಿ ಇದೆಯೇ. ಗುರುತಿಸಿದವರ ಹೆಸರು, ತಾರೀಕು. ಪೆನ್ಸಿಲಿನಲ್ಲಿ ಬರೆದು, ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿ ನಾಣ್ಯದ ಜೊತೆಗೇ ಇಡಿ. ಪೇಟೆಯಲ್ಲಿ ಸಿಗುವ ಮೆತ್ತನೆಯ ಪಿವಿಸಿ ಹಾಳೆಗಳು ಬೇಡ; ಕೆಲವೇ ವರ್ಷಗಳಲ್ಲಿ ಅವು ಅಂಟಂಟು ಹಸಿರನ್ನು ಬಿಟ್ಟು ಬೆಳ್ಳಿ ತಾಮ್ರ ಎರಡನ್ನೂ ತಿನ್ನುತ್ತವೆ.